ಉತ್ತರಕ್ಕೆ ತಿರುಗಿದ ಹಲಗೆ

ಹಾನಗಲ್ಲಿನ ಫೋಟೋ ಮಾಸ್ತರ ಉಳಿವೆಪ್ಪ ಯಾರಿಗೂ ನಗಿರಿ ಎಂದು ಹೇಳುತ್ತಿರಲಿಲ್ಲ. ನಕ್ಕರೆ ಮುಖ ಅಲುಗುತ್ತದೆ, ಅಲುಗಿದರೆ ಫಿಲ್ಮು ದಂಡ. ಹೀಗಾಗಿ ಎಪ್ಪತ್ತರ ದಶಕದಲ್ಲಿ ಆ ತಾಲೂಕಿನಲ್ಲಿ ಮದುವೆಯಾದವರೆಲ್ಲ ತಮ್ಮ ತಮ್ಮ ಗೋಡೆಗಳ ಮೇಲೆ ಕೋರ್ಟಿಗೆ ಸಾಕ್ಷಿ ಹೇಳಲು ಬಂದವರಂತೆ ಕೂತಿದ್ದಾರೆ.

ಕೆಲಸ ಕಲಿತದ್ದು ಹುಬ್ಬಳ್ಳಿಯಲ್ಲಿ. ಊರಿಗೆ ಮರಳಿ ಬಂದು ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸ್ಟುಡಿಯೋ ಹಾಕಿದಾಗ ಅವನು ಮೊದಲು ಮಾಡಿದ್ದು ಮಾಳಿಗೆಯ ಉತ್ತರದ ಬದಿಯನ್ನು ಒಡೆಸಿ ಗಾಜು ಕೂಡಿಸಿದ್ದು. ಗುರು ಹೇಳಿಕೊಟ್ಟ ಮಾತು ಅದು: ಮುಖದ ಮೇಲೆ ಸೂರ್ಯ ಬೀಳಬಾರದು, ಆಕಾಶ ಬೀಳಬೇಕು. ಉತ್ತರದ ಆಕಾಶದಿಂದ ಇಳಿಯುವ ಬೆಳಕು ತಣ್ಣಗೆ, ತುಸು ನೀಲಿಯಾಗಿ, ಎಲ್ಲ ಕಡೆ ಸಮನಾಗಿ ಇರುತ್ತದೆ. ಆಷಾಢದ ಆಸುಪಾಸಿನಲ್ಲಿ ಸೂರ್ಯನೇ ಉತ್ತರಕ್ಕೆ ಸರಿದು ಆ ಗಾಜಿನಿಂದ ಇಣುಕುತ್ತಿದ್ದ. ಆಗ ಉಳಿವೆಪ್ಪ ಬಿಳಿ ಧೋತರದ ಪರದೆ ಎಳೆದು ಅವನನ್ನು ಹೊರಗಿಡುತ್ತಿದ್ದ.

ಹಿಂದಿನ ಕತ್ತಲೆ ಕೋಣೆಯಲ್ಲಿ ಪುಸ್ತಕದಷ್ಟು ಅಗಲದ ಒಂದು ಕಿಟಕಿ ಇತ್ತು. ಅದಕ್ಕೆ ಕೆಂಪು ಗಾಜು. ಕರೆಂಟು ನಂಬುವಂಥದ್ದಲ್ಲವಾದ್ದರಿಂದ ಕೆಂಪು ಬಲ್ಬಿನ ಬದಲು ಅವನು ಬಿಸಿಲನ್ನೇ ಆ ಗಾಜಿನಿಂದ ಸೋಸಿ ಬಳಸುತ್ತಿದ್ದ. ಕೋಣೆಯೆಲ್ಲ ಹಣ್ಣು ಮೆಣಸಿನಕಾಯಿ ಬಣ್ಣ. ಆ ಬೆಳಕಿನಲ್ಲಿ ಅವನೂ ಹೆಂಡತಿ ಶಿವಬಸವ್ವನೂ ಫೋಟೋ ಕಾಗದವನ್ನು ಬಿಚ್ಚಿಟ್ಟುಕೊಂಡು, ಔಷಧದ ತಟ್ಟೆಯಲ್ಲಿ ಅದ್ದಿ, ಮುಖಗಳು ಮೂಡುವುದನ್ನು ನೋಡುತ್ತ ಕೂಡುತ್ತಿದ್ದರು. ಕಾಗದಕ್ಕೆ ಏನೂ ಆಗುತ್ತಿರಲಿಲ್ಲ. ಬಾಗಿಲ ಸಂದಿಯಿಂದ ದಾರದಷ್ಟು ಬಿಳಿ ಬೆಳಕು ಬಂದರೆ ಮಾತ್ರ ಕಟ್ಟು ಕಟ್ಟೇ ಕಪ್ಪಾಗುತ್ತಿತ್ತು.

ಹದಿನೈದು ವರ್ಷ ಇದನ್ನೇ ನೋಡಿದ ಮನುಷ್ಯ ಒಂದು ನಿರ್ಣಯಕ್ಕೆ ಬರುವುದು ಸಹಜ. ಉಳಿವೆಪ್ಪ ಬಂದಿದ್ದ. "ಕೆಂಪು ಸತ್ತ ಬೆಳಕು," ಎನ್ನುತ್ತಿದ್ದ. "ಕಣ್ಣಿಗೆ ಕಾಣ್ತೈತಿ, ಕೆಲಸ ಮಾಡಂಗಿಲ್ಲ. ಕಸುವು ಇರೂದು ನೀಲಿಯೊಳಗ."

"ಸತ್ತದ್ದಾದ್ರ ಕಿಟಕಿ ಹತ್ತರ ಕುಂತಾಗ ನನ್ನ ಕೈ ಯಾಕ ಬಿಸಿ ಆಕ್ಕಾವು?" ಎಂದು ಶಿವಬಸವ್ವ ಒಮ್ಮೆ ಕೇಳಿದ್ದಳು.

"ಅದು ಬ್ಯಾರೆ," ಎಂದಿದ್ದ ಉಳಿವೆಪ್ಪ. ಹೇಗೆ ಬೇರೆ ಎಂದು ಅವಳೂ ಕೇಳಲಿಲ್ಲ, ತಟ್ಟೆಯಲ್ಲಿ ಯಾರದೋ ಮೀಸೆ ಮೂಡುತ್ತಿತ್ತು.

ಬೆಳಕಿನ ವಿಷಯದಲ್ಲಿ ಅವನ ಮಾತಿಗೆ ಬೆಲೆ ಬೆಳೆಯುತ್ತ ಹೋಯಿತು. ಮನೆಗೆ ಯಾವ ಬಣ್ಣ ಹಚ್ಚಿಸಬೇಕು, ಮುದುಕರಿಗೆ ಯಾವ ನಂಬರಿನ ಚಾಳೀಸು ಬೇಕು, ಗ್ರಹಣವನ್ನು ಯಾವುದರ ಒಳಗಿಂದ ನೋಡಬೇಕು, ಎಲ್ಲಕ್ಕೂ ಜನ ಅವನ ಹತ್ತಿರ ಬರುತ್ತಿದ್ದರು. ಅವನು ಯಾರನ್ನೂ ಬರಿಗೈಲಿ ಕಳಿಸುತ್ತಿರಲಿಲ್ಲ. ಗೊತ್ತಿದ್ದರೆ ಹೇಳುತ್ತಿದ್ದ, ಗೊತ್ತಿಲ್ಲದಿದ್ದರೂ ಹೇಳುತ್ತಿದ್ದ. ಎರಡನ್ನೂ ಒಂದೇ ದನಿಯಲ್ಲಿ ಹೇಳುತ್ತಿದ್ದರಿಂದ ಜನಕ್ಕೆ ತೊಂದರೆ ಆಗಲಿಲ್ಲ.

ಅವನ ಅಕ್ಕ ಅನ್ನವ್ವನನ್ನು ಮಾಸೂರಿಗೆ ಕೊಟ್ಟಿತ್ತು. ಅವಳ ಗಂಡ ಪರಮೇಶ್ವರಪ್ಪ ಹೊಲಮನೆ ಇದ್ದವನು, ಪಂಚಾಯ್ತಿ ಮೆಂಬರ. ಊರಿನಾಚೆ, ಮದಗದ ಕೆರೆಯ ಕಾಲುವೆ ದಾಟಿದರೆ, ಗದ್ದೆ ಕೂಲಿಯವರ ಒಂದು ಸಣ್ಣ ಕೇರಿ. ಊರಿಗೆ ಬಂದ ಕರೆಂಟು ಕಾಲುವೆ ದಾಟಿರಲಿಲ್ಲ. ಎಂಬತ್ತೈದರ ಬೇಸಿಗೆಯಲ್ಲಿ ಯಾವುದೋ ಯೋಜನೆಯಲ್ಲಿ ಆ ಕೇರಿಗೆ ಬಿಸಿಲಿನಿಂದ ಉರಿಯುವ ದೀಪ ಬಂತು. ಬಾಲವಾಡಿಯ ಮಾಳಿಗೆಯ ಮೇಲೆ ಒಂದು ಹಲಗೆ, ಒಳಗೆ ಬ್ಯಾಟರಿ ಇಟ್ಟ ಪೆಟ್ಟಿಗೆ, ಹೊರಗೆ ಕಂಬದ ಮೇಲೆ ಒಂದು ಟ್ಯೂಬ್‌ಲೈಟು. ಹಲಗೆಯೆಂದರೆ ಗಾಜಿನ ಕೆಳಗೆ ಸಾಲಾಗಿ ಜೋಡಿಸಿದ ಕಡುನೀಲಿ ಬಿಲ್ಲೆಗಳು, ಒಂದೊಂದೂ ಚಹದ ಬಸಿಯಷ್ಟು ದುಂಡಗೆ. ಅದರ ಮುಖವನ್ನು ದಕ್ಷಿಣಕ್ಕೆ ತುಸು ಬಾಗಿಸಿ ಕೂಡಿಸಿ ಹೋದರು.

ಬೇಸಿಗೆಯಲ್ಲಿ ದೀಪ ಊಟದ ಹೊತ್ತು ದಾಟಿಯೂ ಉರಿಯಿತು. ಕಂಬದ ಬುಡದಲ್ಲಿ ಶಾರವ್ವನೆಂಬ ವಿಧವೆ ಮಿರ್ಚಿ ಭಜಿ, ಮಂಡಕ್ಕಿ ಮಾರಲು ಕೂತಳು. ಹೆಂಗಸರು ಸೇಂಗಾ ಒಡೆಯಲು ಅಲ್ಲಿಗೇ ಬಂದರು. ಆಮೇಲೆ ಮಳೆ ಹಿಡಿಯಿತು. ವಾರಗಟ್ಟಲೆ ಮೋಡ. ದೀಪ ಬೇಗ ಬೇಗ ಆರತೊಡಗಿತು.

ಗಣೇಶನ ಹಬ್ಬಕ್ಕೆ ಉಳಿವೆಪ್ಪ ಅಕ್ಕನ ಮನೆಗೆ ಬಂದಾಗ ಪರಮೇಶ್ವರಪ್ಪ ಕಡುಬು ತಿನ್ನಿಸಿ, ಎಲೆ ಅಡಿಕೆ ಕೊಟ್ಟು, ಅವನನ್ನು ಕಾಲುವೆಯಾಚೆ ಕರೆದೊಯ್ದ.

ಉಳಿವೆಪ್ಪ ಮಾಳಿಗೆ ಏರಿ ಹಲಗೆಯ ಸುತ್ತ ಒಂದು ಸುತ್ತು ಬಂದ. ಬಗ್ಗಿ ನೋಡಿದ. ಅವನಿಗೆ ಮೊದಲು ಕಂಡದ್ದು ಅದರ ಬಣ್ಣ.

"ಮಾಮಾ, ಇದು ನೀಲಿ ಐತಿ ನೋಡ್ರಿ."

"ಹೌದು, ನೀಲಿ ಐತಿ," ಎಂದ ಪರಮೇಶ್ವರಪ್ಪ.

"ನೀಲಿ ಕುಡದು ಕುಡದು ನೀಲಿ ಆಗೇತಿ. ಇದಕ್ಕ ಬೇಕಾದ್ದು ನೀಲಿ ಬೆಳಕು. ಇದನ್ನ ಬಿಸಲಿಗೆ ಮುಖ ಮಾಡಿ ಕೂಡ್ಸ್ಯಾರ. ಬಿಸಲಿನ್ಯಾಗ ಕೆಂಪು, ಹಳದಿ ಎಲ್ಲಾ ಕಲಬೆರಕಿ. ನನ್ನ ಸ್ಟುಡಿಯೋದ ಗಾಜು ಯಾವ ಕಡಿ ಐತಿ?"

"ಉತ್ತರಕ್ಕ."

"ಮತ್ತ?"

ಕೇರಿಯ ಗಿರಿಯಪ್ಪ ಬೀಗದ ಕೈ ಇಟ್ಟುಕೊಂಡು ದೀಪದ ಉಸ್ತುವಾರಿ ನೋಡುತ್ತಿದ್ದವನು. ಅವನೇ ಪಾನಾ ತಂದು ನಟ್ಟು ಬಿಚ್ಚಿದ. ನಾಲ್ಕು ಜನ ಹಿಡಿದು ಹಲಗೆಯನ್ನು ತಿರುಗಿಸಿ, ಸ್ಟುಡಿಯೋದ ಗಾಜಿನಂತೆ ಕಡಿದಾಗಿ ಉತ್ತರದ ಆಕಾಶಕ್ಕೆ ಮುಖ ಮಾಡಿ ನಿಲ್ಲಿಸಿದರು. ಉಳಿವೆಪ್ಪ ದೂರ ನಿಂತು ಒಂದು ಕಣ್ಣು ಮುಚ್ಚಿ ನೋಡಿ, ಎಡಕ್ಕೆ ತುಸು ಸರಿಸಿರಿ ಎಂದ. ಸರಿಸಿದರು. ಅಂದು ಸಂಜೆ ದೀಪ ಇನ್ನೂ ಬೇಗ ಆರಿತು.

"ಹೊಸಾ ಎತ್ತು ಹಂಗ. ನೊಗಕ್ಕ ಹೊಂದಾಕ ನಾಕು ದಿನಾ ಬೇಕು," ಎಂದು ಹೇಳಿ ಉಳಿವೆಪ್ಪ ಮರುದಿನ ಹಾನಗಲ್ ಬಸ್ಸು ಹತ್ತಿದ.

ಆಮೇಲೆ ಪರಮೇಶ್ವರಪ್ಪ ಹಾನಗಲ್ಲಿಗೆ ಬಂದಾಗಲೆಲ್ಲ ಅವನು ದೀಪದ ಸುದ್ದಿ ಕೇಳುತ್ತಿದ್ದ. "ಛಲೋ ಐತಿ," ಎನ್ನುತ್ತಿದ್ದ ಪರಮೇಶ್ವರಪ್ಪ. ಹೆಂಡತಿಯ ತಮ್ಮನ ಎದುರು ಇನ್ನೇನು ಹೇಳುವುದು? ನಿಜವಾಗಿ ಮಳೆ ನಿಂತು, ಆಕಾಶ ತೊಳೆದಿಟ್ಟಂತಾಗಿ, ಗದ್ದೆಯ ಮೇಲೆ ರಣರಣ ಬಿಸಿಲು ಬಿದ್ದಿದ್ದರೂ ಹಲಗೆ ಅದಕ್ಕೆ ಬೆನ್ನು ತಿರುಗಿಸಿ ನಿಂತಿತ್ತು. ಹೊತ್ತು ಮುಳುಗಿದ ಮೇಲೆ ಟ್ಯೂಬು ಹೊತ್ತಿಕೊಳ್ಳುವುದು, ಶಾರವ್ವ ಎಣ್ಣೆ ಕಾಯಿಸುವಷ್ಟರಲ್ಲಿ ಮಿಣಮಿಣ ಎಂದು ಆರುವುದು. ಅವಳು ಮನೆಯಿಂದ ಸೀಮೆಎಣ್ಣೆಯ ಚಿಮಣಿ ತಂದಿಟ್ಟುಕೊಂಡು ಭಜಿ ಕರಿಯುತ್ತಿದ್ದಳು.

ದೀಪಾವಳಿ ಮುಗಿದ ಮೇಲೆ ದೀಪ ಕೊಟ್ಟವರ ಕಡೆಯಿಂದ ಮೆಕ್ಯಾನಿಕ್ ಕುಬೇರಪ್ಪ ಬರುತ್ತಾನೆಂದು ತಿಳಿಯಿತು. ಪರಮೇಶ್ವರಪ್ಪ ಉಳಿವೆಪ್ಪನಿಗೂ ಹೇಳಿ ಕಳಿಸಿದ. ಬೆಳಕಿನವರು ಇಬ್ಬರೂ ಕೂತು ಮಾತಾಡಲಿ ಎಂದು. ಉಳಿವೆಪ್ಪ ಕತ್ತಲೆ ಕೋಣೆಯ ಕಿಟಕಿಯಿಂದ ಕೆಂಪು ಗಾಜನ್ನು ಬಿಡಿಸಿ ಟವೆಲ್ಲಿನಲ್ಲಿ ಸುತ್ತಿಕೊಂಡ.

"ಅದನ್ನ ಒಯ್ದ್ರ ನಾ ಹೆಂಗ ಕೆಲಸ ಮಾಡ್ಲಿ?" ಎಂದಳು ಶಿವಬಸವ್ವ.

"ಇವತ್ತೊಂದಿನ ಗೋಣಿತಾಟು ಕಟ್ಟು. ಆ ಮನಶ್ಯಾಗ ಬಾಯಿಲೆ ಹೇಳಿದ್ರ ತಿಳಿಯಂಗಿಲ್ಲ. ಕಣ್ಣಿಗೆ ತೋರಸ್ಬೇಕು."

ಕುಬೇರಪ್ಪ ದಪ್ಪನೆಯ, ಬೆವರುವ ಮನುಷ್ಯ. ಮಾಳಿಗೆ ಏರಿ ಹಲಗೆ ಉತ್ತರಕ್ಕೆ ಮುಖ ಮಾಡಿದ್ದನ್ನು ನೋಡಿ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಯಾರು ತಿರುಗಿಸಿದರು ಎಂದು ಕೇಳಿದ. ಉಳಿವೆಪ್ಪ ನಾನೇ ಎಂದು ಹೇಳಿ, ಕೆಂಪು ಸತ್ತ ಬೆಳಕೆಂಬುದನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸಿದ. ಕುಬೇರಪ್ಪ ಅಡ್ಡ ಮಾತಾಡದೆ ಕೇಳಿದ.

"ನಿಮ್ಮ ಕಾಗದಕ್ಕ ಅದು ಖರೇನ ರೀ," ಎಂದ. "ಇದಕ್ಕ ಹೆಂಗೋ, ನೋಡೂಣು ಬರ್ರಿ."

ಹಲಗೆಯನ್ನು ದಕ್ಷಿಣದ ಬಿಸಿಲಿಗೆ ತಿರುಗಿಸಿದರು. ಕರೆಂಟು ಎಷ್ಟು ಹರಿಯುತ್ತಿದೆ ಎಂದು ತೋರಿಸುವ ಮುಳ್ಳು ಕೆಳಗಿನ ಪೆಟ್ಟಿಗೆಯಲ್ಲಿತ್ತು. ಅದನ್ನು ನೋಡಿ ಕೂಗಿ ಹೇಳಲು ಗಿರಿಯಪ್ಪನನ್ನು ಒಳಗೆ ಕೂಡಿಸಿದರು. ಮೇಲೆ ಇದ್ದವರು ಮೂವರೇ. ಕೇರಿಯ ಉಳಿದ ಜನ ಗದ್ದೆಯಲ್ಲಿದ್ದರು.

"ಎಲ್ಲಿ ಐತಿ?" ಎಂದು ಪರಮೇಶ್ವರಪ್ಪ ಕೂಗಿದ.

"ಎರಡರ ಹತ್ತರ ಐತ್ರಿ!"

"ಈ ಬಿಲ್ಲಿಗಳು ಸರಪಳಿ ಕೊಂಡಿ ಹಂಗ ಒಂದಕ್ಕೊಂದು ಗಂಟು ಬಿದ್ದಾವ," ಎಂದ ಕುಬೇರಪ್ಪ. "ಒಂದು ಸೋತ್ರ ಎಲ್ಲಾ ಸೋತಂಗ." ಅವನು ಎರಡೂ ಅಂಗೈಗಳಿಂದ ಒಂದು ಬಿಲ್ಲೆಯನ್ನು ಪೂರ್ತಿ ಮುಚ್ಚಿದ.

"ಬಿತ್ತು! ಬಿತ್ರಿ! ಸೊನ್ನಿ ಹತ್ತರ ಬಂತು!" ಎಂದು ಗಿರಿಯಪ್ಪ ಕೆಳಗಿನಿಂದ ಒದರಿದ.

ಕುಬೇರಪ್ಪ ಕೈ ತೆಗೆದ. "ಈಗ ಅದ ಬಿಲ್ಲಿ ಮ್ಯಾಲ ನಿಮ್ಮ ಗಾಜು ಇಡ್ರಿ. ಕೆಂಪು ಸತ್ತಿದ್ರ ನನ್ನ ಕೈ ಇಟ್ಟಂಗ ಆಗ್ಬೇಕು."

ಉಳಿವೆಪ್ಪ ಟವೆಲ್ಲು ಬಿಚ್ಚಿ, ಗಾಜನ್ನು ಒರೆಸಿ, ಬಿಲ್ಲೆಯ ಮೇಲೆ ಇಟ್ಟ. ಗಾಜಿನ ಕೆಳಗೆ ನೀಲಿ ಬಿಲ್ಲೆ ಕರ್ರಗೆ ಕಂಡಿತು. ಅವನಿಗೆ ಸಮಾಧಾನವಾಯಿತು.

"ಗಿರಿಯಪ್ಪಾ, ಎಲ್ಲಿ ಐತೋ?"

"ಸ್ವಲ್ಪ ಇಳದೈತ್ರಿ. ಒಂದರ ಮ್ಯಾಲ ಗಟ್ಟಿ ನಿಂತೈತ್ರಿ!"

"ಸರಿ ನೋಡು."

"ಸರಿ ನೋಡೇನ ಹೇಳಾಕತ್ತೇನ್ರಿ!"

ಉಳಿವೆಪ್ಪ ಗಾಜನ್ನು ಸರಿಸಿ ಮತ್ತೆ ಇಟ್ಟ. ಸಂದಿಯಿಂದ ಬಿಳಿ ಬೆಳಕು ಹೋಗುತ್ತಿರಬಹುದೆಂದು ಟವೆಲ್ಲನ್ನು ಸುತ್ತ ಒತ್ತಿದ. ಮುಳ್ಳು ಅಲ್ಲೇ ಇತ್ತು. ಕೊನೆಗೆ ತಾನೇ ಕೆಳಗಿಳಿದು ಹೋಗಿ ನೋಡಿ ಬಂದ. ಬಂದವನು ಮಾಳಿಗೆಯ ಅಂಚಿನ ಮೇಲೆ ಕೂತ.

ಕುಬೇರಪ್ಪ ಅವನ ಪಕ್ಕಕ್ಕೆ ಕೂತು ಬೀಡಿ ಹಚ್ಚಿದ. "ನಿಮ್ಮ ಕಾಗದಕ್ಕ ನೀಲಿ ಅಷ್ಟ ಕಾಣ್ತೈತ್ರಿ. ಇದಕ್ಕ ಕೆಂಪಂದ್ರ ಜೀವ. ಕೆಂಪಿನ ಆಚೆ ನಮ್ಮ ಕಣ್ಣಿಗೆ ಕಾಣದ್ದು ಒಂದು ಬೆಳಕು ಐತಿ, ಕಾವಿನಂಥದ್ದು, ಅದನ್ನೂ ಒಂದಿಷ್ಟು ಉಣ್ತೈತಿ. ನೀಲೀನೂ ತಗೊಂತೈತಿ, ಆದ್ರ ಅಷ್ಟು ರುಚಿ ಇಲ್ಲ. ಇನ್ನ ಇದು ನೀಲಿ ಕಾಣೂದು ಯಾಕಂದ್ರ, ನೀಲಿ ಕುಡದದ್ದಕ್ಕಲ್ಲ, ನೀಲಿ ಒಂದಿಷ್ಟು ಹೊರಗ ಉಗುಳೂದಕ್ಕ. ಉಗುಳಿದ್ದು ನಮ್ಮ ಕಣ್ಣಿಗೆ ಬೀಳ್ತೈತಿ."

"ಮತ್ತ ಮಳಿಗಾಲದಾಗ ಯಾಕ ಸೋತಿತ್ತು?"

"ಮೋಡ ಇದ್ರ ಬೆಳಕ ಕಡಿಮಿ ಅಲ್ರೀ. ಹಸಿ ಗಾಳಿ ಬ್ಯಾರೆ ಆ ಕಾಣದ ಬೆಳಕನ್ನ ಮ್ಯಾಲ ನುಂಗಿಬಿಡ್ತೈತಿ. ಅದಕ್ಕ ಯಾರೂ ಏನೂ ಮಾಡಾಕ ಬರಂಗಿಲ್ಲ. ಮಳಿ ಹೋದ ಮ್ಯಾಲ ತಾನ ಸರಿ ಹೋಗ್ತಿತ್ತು."

ಅನ್ನವ್ವ ಕುಬೇರಪ್ಪನಿಗೆ ಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ ಬಡಿಸಿದಳು. ಅವನು ಉಂಡು, ಹಲಗೆಯ ನಟ್ಟು ಬಿಗಿದು, ಶಿಗ್ಗಾಂವಿಗೆ ಹೋಗುವುದಿದೆ ಎಂದು ಹೊರಟ. ಉಳಿವೆಪ್ಪ ಅಂದು ಅಕ್ಕನ ಮನೆಯಲ್ಲಿ ಉಳಿಯಲಿಲ್ಲ. ಹಾನಗಲ್ಲಿಗೆ ಬಂದು ಗಾಜನ್ನು ಕಿಟಕಿಗೆ ಕೂಡಿಸಿ, ಅದರ ಹತ್ತಿರ ಅಂಗೈ ಹಿಡಿದು ನೋಡಿದ.

"ಬಿಸಿ ಐತೇನು?" ಎಂದಳು ಶಿವಬಸವ್ವ.

"ಐತಿ," ಎಂದ.

ಸುಗ್ಗಿಯ ಹೊತ್ತಿಗೆ ಹಿರೇಕೆರೂರಿನಲ್ಲಿ ಒಂದು ಮದುವೆಯ ಫೋಟೋ ಕೆಲಸ ಮುಗಿಸಿ ಉಳಿವೆಪ್ಪ ಮಾಸೂರಿಗೆ ಹೋದ. ಕಾಲುವೆಯ ಮೇಲಿನಿಂದಲೇ ಅವನಿಗೆ ಬಾಲವಾಡಿಯ ಮಾಳಿಗೆ ಕಂಡಿತು. ಹಲಗೆ ಉತ್ತರಕ್ಕೆ ಮುಖ ಮಾಡಿ ನಿಂತಿತ್ತು. ಎಡಕ್ಕೆ ತುಸು ಸರಿಸಿದ್ದರು ಕೂಡ.

"ಯಾರು ತಿರುಗಿಸಿದ್ರು?" ಎಂದು ಗಿರಿಯಪ್ಪನನ್ನು ಕೇಳಿದ.

"ನಾವರೀ. ಆ ಮನಶ್ಯಾ ಹೋದ ಮರುದಿನಾನ ತಿರುಗ್ಸೇವಿ." ಗಿರಿಯಪ್ಪನ ದನಿಯಲ್ಲಿ ಹೆಮ್ಮೆ ಇತ್ತು. "ನಾ ಮುಳ್ಳು ನೋಡೇನಲ್ರೀ? ಅವನು ಕೈ ಇಟ್ಟಕೂಡ್ಲೆ ಕರೆಂಟು ಸತ್ತಹೋತು. ನೀವು ನಿಮ್ಮ ಗಾಜು ಇಟ್ಟ್ರಿ, ಜೀವ ಬಂತು. ನಾ ಕೇರಿಗೆಲ್ಲಾ ಹೇಳೇನಿ. ಅವನ ಕೈಗುಣ ಸರಿ ಇಲ್ಲ."

ಉಳಿವೆಪ್ಪ ಕಂಬದ ಬುಡಕ್ಕೆ ಹೋದ. ಶಾರವ್ವನ ಬುಟ್ಟಿಯ ಪಕ್ಕದಲ್ಲಿ ಮಸಿ ಹಿಡಿದ ಚಿಮಣಿ ಕಂಡಿತು.

"ದೀಪಾ ಎಷ್ಟೊತ್ತು ಇರ್ತೈತಿ ಶಾರವ್ವಾ?"

"ಇರ್ತೈತ್ರಿ ಮಾಸ್ತರ್ರ. ಎಣ್ಣಿ ಕಾಯೂತನ ಇರ್ತೈತಿ."

"ಆಮ್ಯಾಲ?"

"ಆಮ್ಯಾಲ ಚಿಮಣಿ ಐತಲ್ರೀ."

ಸಂಜೆ ಗದ್ದೆಯಿಂದ ಜನ ಬಂದ ಮೇಲೆ ಉಳಿವೆಪ್ಪ ಅವರನ್ನೆಲ್ಲ ಬಾಲವಾಡಿಯ ಮುಂದೆ ಕೂಡಿಸಿದ. ಪರಮೇಶ್ವರಪ್ಪನೂ ಬಂದ. ಉಳಿವೆಪ್ಪ ಜೀವಮಾನದಲ್ಲಿ ಎಂದೂ ಭಾಷಣ ಮಾಡಿದವನಲ್ಲ.

"ನಾ ಹೇಳಿದ್ದು ತಪ್ಪು," ಎಂದ. "ಕುಬೇರಪ್ಪ ಹೇಳಿದ್ದು ಖರೆ. ಹಲಗಿ ದಕ್ಷಿಣಕ್ಕ ಇರ್ಬೇಕು."

ಹಿಂದಿನ ಸಾಲಿನಲ್ಲಿ ಒಬ್ಬ, ಮಾಸ್ತರ್ರು ಸಂಕೋಚದ ಮನುಷ್ಯರು, ದೊಡ್ಡ ಗುಣ ಎಂದ. ಎರಡು ಮೂರು ತಲೆಗಳು ಹೌದೆಂದು ಅಲುಗಿದವು.

"ಸಂಕೋಚ ಅಲ್ಲಪ್ಪಾ. ನನಗ ಗೊತ್ತಿರಲಿಲ್ಲ. ಗೊತ್ತಿಲ್ದ ಹೇಳಿದೆ."

ಆಗ ಗಿರಿಯಪ್ಪ ಎದ್ದು ನಿಂತ. ಅವನ ಮುಖ ಕೆಂಪಾಗಿತ್ತು. "ಹಂಗ ಅನಬ್ಯಾಡ್ರಿ ಮಾಸ್ತರ್ರ. ಊರಾಗಿನ ಮಂದಿ ಕಾಲುವಿ ಮ್ಯಾಲ ನಿಂತು ನಕ್ಕಾರ, ಸೂರ್ಯ ಒಂದ ಕಡಿ, ಇವರ ಹಲಗಿ ಒಂದ ಕಡಿ ಅಂತ. ನಾವು ನಿಮ್ಮ ಪರವಾಗಿ ಜಗಳಾ ಮಾಡೇವಿ. ನಾ ಒಬ್ಬಾವನ್ನ ಹೊಡದೇನಿ. ಈಗ ನೀವ ತಪ್ಪಂದ್ರ, ನಾ ಹೊಡದದ್ದು ಏನಾತು?"

ಉಳಿವೆಪ್ಪ ಗಿರಿಯಪ್ಪನನ್ನು ನೋಡಿದ. ಆ ಮನುಷ್ಯ ಕತ್ತಲಲ್ಲಿ ಕೂತುಕೊಂಡು ತನಗಾಗಿ ಬಡಿದಾಡಿದ್ದ.

ಪರಮೇಶ್ವರಪ್ಪ ಕೆಮ್ಮಿದ. ಅವನು ಪಂಚಾಯ್ತಿ ಮಾಡಿ ಪಳಗಿದವನು, ಯಾರ ಮುಖವೂ ಕೆಡದ ಹಾಗೆ ಮಾತು ಮುಗಿಸುವುದು ಅವನ ಕಸುಬು. "ಇದರಾಗ ತಪ್ಪು ಅನ್ನೂದು ಏನೂ ಇಲ್ಲ. ಆಷಾಢದಾಗ ಸೂರ್ಯ ಉತ್ತರಕ್ಕ ಇರ್ತಾನ. ಉಳಿವೆಪ್ಪ ಆ ಲೆಕ್ಕಾ ಹಿಡದು ಉತ್ತರಕ್ಕ ತಿರುಗ್ಸಿದ. ಈಗ ದಕ್ಷಿಣಕ್ಕ ಹೋಗ್ಯಾನ, ದಕ್ಷಿಣಕ್ಕ ತಿರುಗ್ಸೂಣು. ಇಬ್ಬರ ಮಾತೂ ಉಳೀತು."

ಜನಕ್ಕೆ ಇದು ಹಿಡಿಸಿತು. ಗಿರಿಯಪ್ಪನ ಮುಖವೂ ಸಡಿಲಾಯಿತು. ಉಳಿವೆಪ್ಪ ಹೌದು ಅಂದಿದ್ದರೆ ಎಲ್ಲರೂ ಎದ್ದು ಊಟಕ್ಕೆ ಹೋಗುತ್ತಿದ್ದರು.

"ಇಲ್ಲ ಮಾಮಾ," ಎಂದ ಉಳಿವೆಪ್ಪ. "ನಾ ತಿರುಗಿಸಿದ್ದು ಗಣಪ್ಪನ ಹಬ್ಬದಾಗ. ಅಷ್ಟೊತ್ತಿಗೆ ಸೂರ್ಯ ದಕ್ಷಿಣಕ್ಕ ಹೊಂಟಿದ್ದ. ನನ್ನ ಸ್ಟುಡಿಯೋದ ಪರದಿ ಅಷ್ಟೊತ್ತಿಗೆ ನಾನ ತಗದಿದ್ದೆ. ಸೂರ್ಯನ ಲೆಕ್ಕಾ ನಾ ಹಿಡೀಲೇ ಇಲ್ಲ. ಬಣ್ಣಾ ನೋಡಿ ಹೇಳಿದೆ."

ಪರಮೇಶ್ವರಪ್ಪ ಅವನನ್ನು ಬಹಳ ಹೊತ್ತು ನೋಡಿದ. ಹಗ್ಗ ಇಳಿಬಿಟ್ಟರೂ ಬಾವಿಯಲ್ಲೇ ನಿಂತ ಮನುಷ್ಯನನ್ನು ನೋಡುವ ಹಾಗೆ.

ಮೊದಲು ಎದ್ದವಳು ಶಾರವ್ವ. "ನನಗ ಯಾವ ದಿಕ್ಕಾದ್ರೂ ಅಷ್ಟ," ಎಂದಳು. "ಭಜಿ ಹೊತ್ತಿದ್ದು ನನಗ ಕಾಣ್ಬೇಕು. ಗಿರಿಯಪ್ಪಾ, ಪಾನಾ ತಾ." ಗಿರಿಯಪ್ಪ ತಂದ. ಉಳಿವೆಪ್ಪನೇ ಪಂಚೆ ಎತ್ತಿ ಕಟ್ಟಿ ಮಾಳಿಗೆ ಏರಿ ನಟ್ಟು ಬಿಚ್ಚಿದ. ಹಲಗೆಯ ಒಂದು ಬದಿಯನ್ನು ಅವನು, ಇನ್ನೊಂದು ಬದಿಯನ್ನು ಗಿರಿಯಪ್ಪ ಹಿಡಿದರು. ಇಬ್ಬರೂ ಸೇರಿ ಅದನ್ನು ದಕ್ಷಿಣಕ್ಕೆ ತಿರುಗಿಸಿದರು.

ಮರುದಿನದ ಬಿಸಿಲು ಉಂಡು ದೀಪ ಅಂದಿನ ರಾತ್ರಿ ಶಾರವ್ವ ಬುಟ್ಟಿ ಎತ್ತಿದ ಮೇಲೂ ಉರಿಯಿತು. ಗಿರಿಯಪ್ಪ ಹೊಡೆದವನ ಮನೆಗೆ ಹೋಗಿ ಎಲೆ ಅಡಿಕೆ ಕೊಟ್ಟು ಬಂದನಂತೆ. ಏನೆಂದು ಹೇಳಿ ಕೊಟ್ಟ ಎಂದು ಯಾರಿಗೂ ತಿಳಿಯಲಿಲ್ಲ.

ಸುದ್ದಿ ಹಾನಗಲ್ಲಿಗೂ ಬಂತು. ಬಣ್ಣದ ಬಗ್ಗೆ, ಚಾಳೀಸಿನ ಬಗ್ಗೆ ಕೇಳಲು ಬರುವವರು ಕಡಿಮೆಯಾದರು. ಉಳಿವೆಪ್ಪನಿಗೆ ಮೊದಮೊದಲು ಅಂಗಡಿ ಬಿಕೋ ಎನಿಸಿತು. ಆಮೇಲೆ ಮಧ್ಯಾಹ್ನ ನಿದ್ದೆ ಬರತೊಡಗಿತು. ಬಣ್ಣದ ಫೋಟೋ ಎಂದರೆ ಅವನಿಗೆ ಆಗದು. ಅದರ ಕಾಗದಕ್ಕೆ ಕೆಂಪು ಬೆಳಕೂ ಆಗುವುದಿಲ್ಲ, ಗವಿಯಂಥ ಕತ್ತಲೆ ಬೇಕು, ಅದೆಂಥ ಕಾಗದ ಎಂದು ವರ್ಷಗಟ್ಟಲೆ ದೂರ ಇಟ್ಟಿದ್ದ. ಎಂಬತ್ತೇಳರಲ್ಲಿ ಹುಬ್ಬಳ್ಳಿಗೆ ಹೋಗಿ ಒಂದು ಡಜನ್ ಬಣ್ಣದ ರೀಲು ಕೊಂಡು ತಂದ. ತೊಳೆಯುವ ಕೆಲಸ ಅಲ್ಲಿನ ಲ್ಯಾಬಿನವರದು. ಶಿವಬಸವ್ವ ಔಷಧದ ತಟ್ಟೆಗಳಲ್ಲಿ ಒಂದನ್ನು ತಿಕ್ಕಿ ತೊಳೆದು ಕೋಳಿಗೆ ನೀರಿಡಲು ಇಟ್ಟುಕೊಂಡಳು.

ಅವನು ಬಣ್ಣದಲ್ಲಿ ತೆಗೆದ ಮೊದಲ ಮದುವೆ ಗಿರಿಯಪ್ಪನ ಮಗಳದು. ಹಗಲಿನ ಫೋಟೋಗಳು ಚೊಕ್ಕ ಬಂದವು. ಸೀರೆ ಕೆಂಪು, ಕುಂಕುಮ ಕೆಂಪು, ಅರಿಷಿಣ ಹಳದಿ. ಆದರೆ ಸಂಜೆ ಕಂಬದ ಟ್ಯೂಬ್‌ಲೈಟಿನ ಕೆಳಗೆ ಬೀಗರನ್ನೆಲ್ಲ ನಿಲ್ಲಿಸಿ ತೆಗೆದದ್ದರಲ್ಲಿ ಒಬ್ಬೊಬ್ಬರ ಮುಖವೂ ಎಳೆ ಸೌತೆಕಾಯಿಯಂತೆ ಹಸಿರು ತಿರುಗಿತ್ತು. ಅಂಥ ಹಸಿರು ಅಲ್ಲಿ ಯಾರ ಕಣ್ಣಿಗೂ ಕಂಡಿರಲಿಲ್ಲ.

ಗಿರಿಯಪ್ಪ ಫೋಟೋವನ್ನು ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ. "ಯಾಕ ಹಿಂಗಾತ್ರಿ ಮಾಸ್ತರ್ರ?"

"ಗೊತ್ತಿಲ್ಲೋ ಗಿರಿಯಪ್ಪಾ," ಎಂದ ಉಳಿವೆಪ್ಪ. "ಹುಬ್ಬಳ್ಳಿಗೆ ಹೋದಾಗ ಕೇಳ್ತೇನಿ."

ಗಿರಿಯಪ್ಪ ತಲೆಯಾಡಿಸಿ, ಬೀಗರಿಗೆ ಕೊಡಲು ಎರಡು ಪ್ರತಿ ಹೆಚ್ಚಿಗೆ ಹೇಳಿ ಹೋದ.